ಸೆಲಿನ್ ತೆಗೆದ ಬಾಗಿಲುಗಳು

ಸೆಲಿನ್ ಅವರೇ, ಆ ಫೋಟೋಗಳನ್ನು ತೆಗೆದವರು ನೀವೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ತುಂಬಿದ ಸಭೆಯಲ್ಲಿ, ನಿಮ್ಮನ್ನು ಕಳ್ಳಿ ಮಾಡಿದೆ.

ಆರು ವರ್ಷದ ಹಿಂದಿನ ಮಾತು. ಇಲ್ಲಿ ಬಹರೈನಿನ ಗುದೈಬಿಯಾದಲ್ಲಿ ನಮ್ಮ ಕನ್ನಡಿಗರ ಕೂಟದ ಫೋಟೋ ಸ್ಪರ್ಧೆ, ನಾನು ತೀರ್ಪುಗಾರ. ಅರ್ಹತೆ ಏನೆಂದರೆ — ಎಲ್ಲರಿಗಿಂತ ದೊಡ್ಡ ಕ್ಯಾಮೆರಾ ನನ್ನದು, ಅಷ್ಟೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಾನು ಎ.ಸಿ. ಹಾಲಿನೊಳಗೆ ಅದನ್ನು ಕೊರಳಿಗೆ ನೇತುಹಾಕಿಕೊಂಡು ತಿರುಗುತ್ತಿದ್ದೆ. ಬಂದ ಚಿತ್ರಗಳೋ — ಮಸೀದಿಯ ಹಿಂದೆ ಸೂರ್ಯಾಸ್ತ, ಸಮುದ್ರದ ಮೇಲೆ ಸೂರ್ಯಾಸ್ತ, ಹೆಂಡತಿಯ ಅಂಗೈಯಲ್ಲಿ ಸೂರ್ಯಾಸ್ತ.

ಅವುಗಳ ನಡುವೆ ನಿಮ್ಮ ಎಂಟು. ಕೋಪನ್‌ಹೇಗನ್, ರಿಗಾ, ಸ್ಟಾಕ್‌ಹೋಮ್. ಗೋಪುರವಿಲ್ಲ, ಅರಮನೆಯಿಲ್ಲ — ಹಳೆಯ ಬಾಗಿಲುಗಳು, ಸವೆದ ಮೆಟ್ಟಿಲು, ಮಳೆನೀರಿನ ಕೊಳವೆ ಗೋಡೆ ಹಿಡಿದ ಮೂಲೆ. ನನಗೆ ಹೊಟ್ಟೆ ಉರಿಯಿತು. ಬಹರೈನ್ ಬಿಟ್ಟರೆ ದಾವಣಗೆರೆ, ದಾವಣಗೆರೆ ಬಿಟ್ಟರೆ ಬಹರೈನ್ — ನನ್ನ ಲೋಕ ಅಷ್ಟು. ನೀವೋ ಇಲ್ಲೇ ಬುದಯ್ಯ ಊರಿನ ಅರಬ್ ಮನೆಯೊಂದರಲ್ಲಿ ಮಗು ನೋಡಿಕೊಳ್ಳುವವರು.

“ಇದೆಲ್ಲ ನೆಟ್‌ನಿಂದ ಇಳಿಸಿದ್ದು. ಮನೆಕೆಲಸದವಳಿಗೆ ಎಲ್ಲಿಯ ಕೋಪನ್‌ಹೇಗನ್?” ಎಂದೆ, ಮೈಕಿನಲ್ಲಿ. ಜನ ನಕ್ಕರು.

“ನಾನೇ ತೆಗ್ದದ್ದು ಸರ್. ಮಗುವನ್ನು ನೋಡ್ಲಿಕ್ಕೆ ನನ್ನನ್ನೂ ಕರ್ಕೊಂಡು ಹೋಗ್ತಾರಲ್ಲ...” ಎಂದಿರಿ.

ಬೇಸಿಗೆ ಬಂತೆಂದರೆ ಇಲ್ಲಿನ ಸಿರಿವಂತರು ಕೆಲಸದವರ ಸಮೇತ ತಂಪು ದೇಶಗಳಿಗೆ ಹೊರಡುವುದು ಯಾರಿಗೆ ಗೊತ್ತಿಲ್ಲ? ನನಗೆ ಅದಕ್ಕಿಂತ ಹೆಚ್ಚು ಗೊತ್ತಿತ್ತು. ಐದನೆಯ ಚಿತ್ರದಲ್ಲಿ, ಬಾಗಿಲಿನ ಗಾಜಿನೊಳಗೆ — ಒಂದು ಕೈ ಮಗುವಿನ ತಳ್ಳುಗಾಡಿಯ ಮೇಲೆ, ಇನ್ನೊಂದರಲ್ಲಿ ಫೋನು — ನೀವೇ ನಿಂತಿದ್ದಿರಿ. ನೋಡಿದೆ. ಆ ಪ್ರಿಂಟನ್ನು ಕಟ್ಟಿನ ಅಡಿಗೆ ತಳ್ಳಿ, ಬಹುಮಾನವನ್ನು ಅಂಗೈ ಸೂರ್ಯನಿಗೆ ಕೊಟ್ಟೆ. ಥೂ, ನನ್ನ ತೀರ್ಪಿಗೆ.

ನೀವು ಮತ್ತೆ ಕೂಟಕ್ಕೆ ಬರಲಿಲ್ಲ. ಕಳೆದ ತಿಂಗಳು ನಿಮ್ಮ ತಂಗಿ ಸಿಕ್ಕಾಗ, ಏನೂ ಆಗಿಲ್ಲವೆಂಬ ಹಾಗೆ, ಅಕ್ಕ ಈಗೇನು ಫೋಟೋ ತೆಗೆಯುತ್ತಾರೆ ಎಂದು ಕೇಳಿದೆ.

“ಅಕ್ಕ ಅವತ್ತೇ ಫೋನಿಂದ ಎಲ್ಲ ಡಿಲೀಟ್ ಮಾಡಿದ್ಲು ಸರ್. ಮತ್ತೆ ತೆಗೀಲೇ ಇಲ್ಲ.”

ಹಾಗಾದರೆ ಲೋಕದಲ್ಲಿ ಉಳಿದಿರುವುದು ನನ್ನ ಕಪಾಟಿನ ಆ ಎಂಟು ಪ್ರಿಂಟು ಮಾತ್ರ. ಹಿಂತಿರುಗಿಸಲಿಲ್ಲ — ಕದ್ದೆ ಎಂದೇ ಬರೆಯುತ್ತೇನೆ. ಆಗಾಗ ತೆಗೆದು ನೋಡುತ್ತೇನೆ. ಅಂಥದ್ದೊಂದನ್ನು ತೆಗೆಯಲು ನನಗೆ ಇವತ್ತಿಗೂ ಬಂದಿಲ್ಲ.

ಈ ಶುಕ್ರವಾರ ಕೂಟದಲ್ಲಿ ಈ ಕಾಗದವನ್ನು ಓದಿ, ಪ್ರಿಂಟುಗಳನ್ನು ನಿಮ್ಮ ತಂಗಿಯ ಕೈಗೆ ಕೊಡುತ್ತೇನೆ. ನೀವು ಅಳಿಸಿಹಾಕಿದ ಉಳಿದವುಗಳನ್ನು ಕೊಡಲು ನನ್ನಿಂದಾಗುವುದಿಲ್ಲ.