ನನ್ನ ಸೊಸೆಯ ಸೊಟ್ಟ ಹಲ್ಲು

ಹಿರೀಸಾವೆಯಲ್ಲಿ ಹೈವೇ ಪಕ್ಕ ನಮ್ಮದೊಂದು ಸಣ್ಣ ಹೋಟ್ಲು. ಮಗ ಒಲೆ ನೋಡಿಕೊಳ್ಳುತ್ತಿದ್ದ, ಸೊಸೆ ಗಲ್ಲಾದಲ್ಲಿ ಕೂರುತ್ತಿದ್ದಳು, ನಾನು ಹಿಂದೆ ಕೂತು ತರಕಾರಿ ಹೆಚ್ಚುತ್ತಾ ಇಬ್ಬರನ್ನೂ ಬೈಯುತ್ತಿದ್ದೆ. ನಮ್ಮ ಇಡ್ಲಿಯೇನು ಅಂಥಾ ಹೆಚ್ಚುಗಾರಿಕೆಯದಲ್ಲ. ಎದುರುಗಡೆ ಹೋಟ್ಲಿನ ಇಡ್ಲಿ ನಮ್ಮದಕ್ಕಿಂತ ಮೆತ್ತಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಡ್ರೈವರುಗಳು ಬಸ್ಸು ತಂದು ನಮ್ಮ ಮುಂದೆಯೇ ನಿಲ್ಲಿಸುತ್ತಿದ್ದರು. ಅದು ಸೊಸೆಯ ಬಾಯಿಂದ. ಯಾರು ಏನೇ ಅಂದರೂ ಥಟ್ಟನೆ ಒಂದು ಮಾತು ತಿರುಗಿಸಿ ಕೊಟ್ಟು, ಗಲ್ಲಾದ ಮೇಲಿನ ಚಿಲ್ಲರೆ ಅದುರುವಂಗೆ ನಗುತ್ತಿದ್ದಳು. ನನಗೆ ಆ ನಗು ಅಷ್ಟಾಗಿ ಸೇರುತ್ತಿರಲಿಲ್ಲ. ಆದರೆ ಹೋಟ್ಲು ನಡೆಯುತ್ತಿದ್ದದ್ದು ಅದರಿಂದಲೇ ಅನ್ನುವುದು ನನಗೂ ಗೊತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು ಆಗ. ಹೋಟ್ಲಿನ ಶಟರು ಅರ್ಧಕ್ಕೆ ಬಂದು ಕಚ್ಚಿಕೊಳ್ಳುತ್ತಿತ್ತು. ಗ್ರೀಸು ಹಾಕೋ ಅಂತ ಮಗನಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ನಾಳೆ ಹಾಕ್ತೀನಿ ಅನ್ನುವುದು ಅವನ ಮಂತ್ರ. ಒಂದು ಸಾಯಂಕಾಲ ಸೊಸೆ ಕಬ್ಬಿಣದ ಕೊಕ್ಕೆ ಹಾಕಿ ಅದನ್ನು ಜಗ್ಗಿದಳು. ಕೊಕ್ಕೆ ಜಾರಿ, ಅದರ ಹಿಡಿ ನೇರ ಬಾಯಿಗೆ ಬಡಿಯಿತು. ಮುಂದಿನ ಎರಡು ಹಲ್ಲು ಅಲ್ಲೇ ಉದುರಿದವು. ಆಚೆ ಈಚೆ ಇದ್ದವು ಅರ್ಧಕ್ಕೆ ಮುರಿದವು. ತುಟಿ ಸೀಳಿತ್ತು, ಚನ್ನರಾಯಪಟ್ಟಣಕ್ಕೆ ಕರಕೊಂಡು ಹೋಗಿ ಹೊಲಿಗೆ ಹಾಕಿಸಿದೆವು. ಮಾರನೆ ದಿನ ಬೆಳಗ್ಗೆಯೇ ಮಗ ಶಟರಿಗೆ ಗ್ರೀಸು ಹಾಕಿದ.

ತುಟಿ ಕೂಡಿಕೊಂಡಿತು, ಸೊಸೆ ಮಾತ್ರ ಗಲ್ಲಾಕ್ಕೆ ಬರಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಯಲ್ಲೇ ಉಳಿದಳು. ಏನು ಕೇಳಿದರೂ ಗೋಣು ಆಡಿಸುವುದು, ಇಲ್ಲವೇ ಹೂಂ ಅನ್ನುವುದು. ಗಲ್ಲಾದಲ್ಲಿ ನಾನು ಕೂತೆ. ಮೂರನೇ ಕ್ಲಾಸು ಓದಿದ್ದೇನೆ, ಚಿಲ್ಲರೆ ಕೊಡುವುದಕ್ಕೆ ಅಷ್ಟು ಸಾಕು. ತೊಂದರೆ ಇದ್ದದ್ದು ನನ್ನ ನಾಲಿಗೆಯದು. ಎರಡನೇ ಸಲ ಚಟ್ನಿ ಕೇಳಿದವನಿಗೆ ಮನೇಲೂ ಹಿಂಗೇ ಸುರಕೊಂಡು ತಿಂತೀಯಾ ಅಂತ ಕೇಳಿಬಿಟ್ಟೆ. ಅವನು ಮತ್ತೆ ಬರಲಿಲ್ಲ. ನೋಡ್ತಾ ನೋಡ್ತಾ ಒಂದೊಂದೇ ಬಸ್ಸು ಎದುರುಗಡೆಗೆ ಹೋಗಿ ನಿಲ್ಲತೊಡಗಿತು.

ಬೇಗ ಆಗಲಿ ಅಂತ ಮೊದಲು ಚನ್ನರಾಯಪಟ್ಟಣದಲ್ಲೇ ಹಲ್ಲು ಕಟ್ಟುವವರೊಬ್ಬರ ಹತ್ತಿರ ತೋರಿಸಿದೆವು. ಅವರು ರೋಜಾ ಬಣ್ಣದ ಪ್ಲೇಟಿಗೆ ಹಲ್ಲು ಕೂರಿಸಿ, ತಂತಿ ಸಿಕ್ಕಿಸಿ ಕೊಟ್ಟರು. ಬೇಕಾದಾಗ ಹಾಕಿಕೊಳ್ಳುವುದು, ಬೇಡವಾದಾಗ ತೆಗೆದಿಡುವುದು. ಸೊಸೆ ಧೈರ್ಯ ಮಾಡಿ ಗಲ್ಲಾದಲ್ಲಿ ಕೂತಳು. ಒಂದು ಬೆಳಗ್ಗೆ, ವರ್ಷಗಳಿಂದ ಬರುತ್ತಿದ್ದ ಹಾಸನ ಬಸ್ಸಿನ ಡ್ರೈವರು ಏನೋ ತಮಾಷೆ ಮಾಡಿದ. ಇವಳು ಮೈಮರೆತು ಮೊದಲಿನಂಗೇ ನಕ್ಕಳು. ಪ್ಲೇಟು ಬಾಯಿಂದ ಹಾರಿ ಅವನ ಚಟ್ನಿಯೊಳಕ್ಕೆ ಬಿತ್ತು. ಆ ಮನುಷ್ಯ ನಗಲಿಲ್ಲ. ಕೈಯಲ್ಲಿ ಎತ್ತಿಕೊಂಡು, ನಲ್ಲಿ ಹತ್ತಿರ ಹೋಗಿ ತೊಳೆದು, ತಂದು ಗಲ್ಲಾದ ಮೇಲಿಟ್ಟು ಹೋದ. ಅವನು ನಕ್ಕಿದ್ದರೇ ಎಷ್ಟೋ ವಾಸಿಯಿತ್ತು. ಸೊಸೆ ಆ ಪ್ಲೇಟನ್ನು ಒಂದು ಹಳೇ ಉಪ್ಪಿನಕಾಯಿ ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿದು ಅಟ್ಟಕ್ಕೆ ಹಾಕಿದಳು. ತಿರುಗಿ ಅಡುಗೆಮನೆ ಸೇರಿದಳು.

ಇನ್ನು ಹಾಸನವೇ ಗತಿ ಅಂತಾಯಿತು. ಮಗ ಒಲೆ ಬಿಟ್ಟು ಬರುವಂತಿರಲಿಲ್ಲ, ಹಂಗಾಗಿ ನಾನೇ ಜೊತೆಗೆ ಹೊರಟೆ. ಅಲ್ಲಿನ ಡಾಕ್ಟ್ರಮ್ಮ ಸಣ್ಣ ವಯಸ್ಸಿನವಳು. ಇವಳ ಬಾಯೊಳಗೆ ಲೈಟು ಬಿಟ್ಟು ನೋಡಿ, ಮುಂದಿನದು ಮಾತ್ರ ಸರಿ ಮಾಡಿದರೆ ನಿಲ್ಲಲ್ಲ, ವಸಡು ಕೆಟ್ಟಿದೆ, ಹಿಂದಿನ ದವಡೆಯಲ್ಲಿ ಹುಳುಕಿದೆ, ಮುರಿದ ಹಲ್ಲುಗಳ ನರ ಸತ್ತಿದೆ, ಒಟ್ಟು ಬಾಯಿಯೇ ರಿಪೇರಿ ಆಗಬೇಕು ಅಂದಳು. ಅಲ್ಲಿಂದ ಶುರುವಾಯಿತು ನೋಡಿ. ಒಂದು ವಾರ ಹಲ್ಲಿನ ಕಿಟ್ಟ ಕೆರೆಯುವುದು. ಇನ್ನೊಂದು ವಾರ ಬೇರಿನೊಳಗಿನ ನರ ತೆಗೆಯುವುದು. ಮತ್ತೆ ಹೋದರೆ ಊತ ಇಳಿದಿಲ್ಲ, ಮುಂದಿನ ವಾರ ಬನ್ನಿ. ನಾನು ಹೊರಗೆ ಬೆಂಚಿನ ಮೇಲೆ ಕೂತು ಆ ಮಿಷಿನ್ನಿನ ಕುಂಯ್‌ಗುಡುವ ಸದ್ದು ಕೇಳಿ ಕೇಳಿ, ಇದ್ದ ನನ್ನ ಹಲ್ಲುಗಳೂ ಜುಮ್ಮೆನ್ನುತ್ತಿದ್ದವು.

ಒಂದು ದಿನ ಒಳಗೆ ಹೋಗಿ ನೋಡಿದರೆ ಡಾಕ್ಟ್ರಮ್ಮ ಮುರಿದದ್ದರ ಪಕ್ಕದ ಗಟ್ಟಿ ಹಲ್ಲುಗಳನ್ನೂ ತೇಯುತ್ತಿದ್ದಾಳೆ. ಇರೋದನ್ನೂ ಯಾಕವ್ವಾ ಹಾಳು ಮಾಡ್ತೀಯಾ ಅಂತ ಜಗಳಕ್ಕೇ ನಿಂತೆ. ಇಲ್ಲದ ಹಲ್ಲು ಗಾಳಿಯಲ್ಲಿ ನಿಲ್ಲುವುದಿಲ್ಲ, ಅಕ್ಕಪಕ್ಕದವುಗಳನ್ನು ಸಣ್ಣ ಮಾಡಿ ಎಲ್ಲಕ್ಕೂ ಸೇರಿಸಿ ಒಂದೇ ಟೋಪಿ ಹಾಕಬೇಕು ಅಂತ ಅವಳು ತಾಳ್ಮೆಯಿಂದ ಹೇಳಿದಳು. ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ಮಲಗಿದ್ದ ಸೊಸೆ, ಸುಮ್ಮನೆ ಹೊರಗೆ ಹೋಗಿ ಅಂತ ನನಗೆ ಕೈಸನ್ನೆ ಮಾಡಿದಳು.

ಕೊನೆಗೆ ಬೆಂಗಳೂರಿನಿಂದ ಹಲ್ಲಿನ ಸಾಲು ತಯಾರಾಗಿ ಬಂತು. ಸಂಕ್ರಾಂತಿಯ ಸಕ್ಕರೆ ಅಚ್ಚು ಸಾಲಾಗಿ ಜೋಡಿಸಿದಂಗೆ ಬೆಳ್ಳಗೆ, ಗೆರೆ ಎಳೆದಂಗೆ ನೇರ. ಸ್ವಲ್ಪ ದಿನ ಹಾಕಿಕೊಂಡು ನೋಡಿ, ಆಮೇಲೆ ಪೂರ್ತಿ ಅಂಟಿಸೋಣ ಅಂದಳು ಡಾಕ್ಟ್ರಮ್ಮ. ಸೊಸೆ ಕನ್ನಡಿ ನೋಡಿದಳು. ಚೆನ್ನಾಗೈತೆ ಮೇಡಂ ಅಂದಳು. ಅಂದವಳು ಕೈಯನ್ನು ಬಾಯಿಗೆ ಅಡ್ಡ ಇಟ್ಟಳು. ಹಾಸನದಿಂದ ಹಿರೀಸಾವೆವರೆಗೂ ಬಸ್ಸಿನಲ್ಲಿ ಆ ಕೈ ಕೆಳಗಿಳಿಯಲಿಲ್ಲ. ಮನೆಗೆ ಬಂದರೆ ನನ್ನ ಮಗ, ಸಿನಿಮಾದವಳಂಗೆ ಆಗಿಬಿಟ್ಟಿದ್ದೀಯ ಅಂತ ಹಲ್ಲು ಕಿರಿದ. ಅವಳು ಸೀದಾ ಅಡುಗೆಮನೆಗೆ ಹೋದಳು.

ನನಗೆ ಮೈಯೆಲ್ಲ ಉರಿಯಿತು. ತಿಂಗಳುಗಟ್ಟಲೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಓಡಾಡಿದ್ದು ನಾನು. ಅಲ್ಲಾಡಲ್ಲ, ಉದುರಲ್ಲ, ಇನ್ನೇನು ರೋಗ ನಿಂಗೆ ಅಂತ ಕೇಳಿದೆ.

"ಬ್ಯಾರೆ ಯಾರೋ ಬಂದು ನನ್ನ ಬಾಯಲ್ಲಿ ಕೂತಂಗೈತೆ ಅತ್ತೆ," ಅಂದಳು. "ಇವನ್ನ ಇಟ್ಕೊಂಡು ನಗಾಕೆ ಬರಲ್ಲ ನಂಗೆ."

ಮತ್ತೆ ಹಾಸನ. ಡಾಕ್ಟ್ರಮ್ಮನಿಗೂ ಬೇಜಾರಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಹಂಗಾದರೆ ಮೊದಲು ಹೆಂಗಿತ್ತೋ ಹಂಗೇ ಮಾಡಿಸೋಣ, ನಕ್ಕಿರುವ ಒಂದು ಹಳೇ ಫೋಟೊ ತನ್ನಿ ಅಂದಳು. ಅದೇನು ಮಹಾ ಅಂತ ಬಂದು ಟ್ರಂಕು ತೆಗೆದೆವು. ಮದುವೆ ಆಲ್ಬಮ್ಮಿನ ಮೊದಲಿಂದ ಕೊನೆವರೆಗೂ ಇವಳು ತಲೆ ಬಗ್ಗಿಸಿ, ಬಾಯಿ ಹೊಲಿದುಕೊಂಡು ನಿಂತಿದ್ದಾಳೆ. ಮದುಮಗಳು ಹಲ್ಲು ಬಿಟ್ಟುಕೊಂಡು ನಿಲ್ಲುವುದು ಎಲ್ಲಾದರೂ ಉಂಟಾ? ಫೋಟೊದವನು ನಗಮ್ಮಾ ಅಂದರೂ ಸುತ್ತ ನಿಂತ ನಾವೆಲ್ಲ ಕಣ್ಣು ಬಿಡುತ್ತಿದ್ದೆವು. ಮಗುವಿನ ನಾಮಕರಣದ ಫೋಟೊದಲ್ಲಿ ತೊಟ್ಟಿಲ ಕಡೆ ಬಗ್ಗಿದ್ದಾಳೆ, ಕಾಣುವುದು ಬೈತಲೆ ಮಾತ್ರ.

ತವರಿನಲ್ಲಾದರೂ ಇರಬಹುದು ಅಂತ ಅರಕಲಗೂಡಿಗೆ ಹೊರಟೆವು. ಹೊಳೆನರಸೀಪುರದಲ್ಲಿ ಇಳಿದರೆ ಆ ಕಡೆಯ ಬಸ್ಸು ಆಗಷ್ಟೇ ಹೋಗಿತ್ತು. ಸ್ಟ್ಯಾಂಡಿನಲ್ಲಿ ಕೂರುವುದಕ್ಕೆ ಜಾಗವಿಲ್ಲ, ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ಫೋಟೊ ಹುಡುಕಿಕೊಂಡು ತಾಲ್ಲೂಕು ತಾಲ್ಲೂಕು ತಿರುಗುವ ಕರ್ಮ ಯಾರಿಗಾದರೂ ಬಂದಿತ್ತಾ ಅಂತ ದಾರಿಯುದ್ದಕ್ಕೂ ಗೊಣಗಿದೆ. ಬೀಗಿತ್ತಿ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಚಾಪೆಯ ಮೇಲೆ ಸುರಿದಳು. ಸ್ಕೂಲಿನ ಫೋಟೊ, ತಂಗಿ ಮದುವೆ, ಗೃಹಪ್ರವೇಶ. ಎಲ್ಲದರಲ್ಲೂ ಬಾಯಿಗೆ ಬೀಗ. ಒಂದರಲ್ಲಿ ನಕ್ಕಿದ್ದಳಂತೆ. ಕೆಟ್ಟು ಹೋಗಿದೆ ಅಂತ ಅದನ್ನು ತೊಳೆಸಿ ಪ್ರಿಂಟು ಹಾಕಿಸಲೇ ಇಲ್ಲವಂತೆ.

ಬರಿಗೈಯಲ್ಲಿ ವಾಪಸ್ಸು ಬಂದು ಮಗನನ್ನು ಕೇಳಿದೆ. ನಿನ್ನ ಹೆಂಡ್ತಿ ಹಲ್ಲು ಹೆಂಗಿತ್ತೋ? ಸೌಟು ಹಿಡಿದುಕೊಂಡೇ ಯೋಚನೆ ಮಾಡಿ, ಚೆನ್ನಾಗೇ ಇತ್ತಲ್ಲವ್ವ ಅಂದ. ಇಷ್ಟು ವರ್ಷ ಸಂಸಾರ ಮಾಡಿದವನ ಉತ್ತರ ಅದು. ಅವಳನ್ನೇ ಕೇಳಿದರೆ, ಎಷ್ಟು ಜ್ಞಾಪಿಸಿಕೊಂಡರೂ ಗೊತ್ತಾಗುತ್ತಿಲ್ಲ ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಕನ್ನಡಿ ಮುಂದೆ ಕುಂಕುಮ ನೋಡಿಕೊಳ್ಳುತ್ತಾರೆಯೇ ಹೊರತು ಹಲ್ಲು ಯಾರು ನೋಡಿಕೊಳ್ಳುತ್ತಾರೆ?

ಹಾಸನದಲ್ಲಿ ಡಾಕ್ಟ್ರಮ್ಮ ಕೈಚೆಲ್ಲಿದಳು. ಫೋಟೊ ಇಲ್ಲದಿದ್ದರೆ ಏನು ಮಾಡಲಿ, ಇದನ್ನೇ ಅಂಟಿಸಿಬಿಡುತ್ತೇನೆ, ಅಭ್ಯಾಸ ಆಗುತ್ತದೆ ಅಂದಳು. ಸೊಸೆ ಆಗಲಿ ಅಂತ ತಲೆ ಆಡಿಸಿದಳು. ಆ ಆಗಲಿ ನನಗೆ ಹಿಡಿಸಲಿಲ್ಲ. ಅಂಟಿಸಿದ ಮೇಲೆ ಇವಳು ಅಡುಗೆಮನೆಯಿಂದ ಈಚೆಗೆ ಬರುವುದಿಲ್ಲ, ನನಗೆ ಗಲ್ಲಾ ತಪ್ಪುವುದಿಲ್ಲ. ಅವಳ ಬಾಯಿಯ ಅಚ್ಚು ತೆಗೆದು ಮಾಡಿದ ಬಿಳಿ ಗೊಂಬೆಯೊಂದು ಮೇಜಿನ ಮೇಲಿತ್ತು. ಅದನ್ನು ಎತ್ತಿಕೊಂಡು, ಮೊದಲು ಹೆಂಗಿತ್ತು ಅಂತ ನಾನೇ ಬೆರಳಿಟ್ಟು ತೋರಿಸಿದೆ. ಮುಂದಿನ ಎರಡರಲ್ಲಿ ಬಲಗಡೆಯದು ಎಡಗಡೆಯದರ ಮೇಲೆ ಒಂಚೂರು ಏರಿತ್ತು. ಜನ ಜಾಸ್ತಿ ಆದ ಬಸ್ಸಿನ ಸೀಟಿನಲ್ಲಿ ಒಬ್ಬರು ಹೆಗಲು ಮುಂದಕ್ಕೆ ಹಾಕಿ ಕೂರುವುದಿಲ್ಲವಾ, ಹಂಗೆ. ಅದರ ಪಕ್ಕದ್ದು ಗಿಡ್ಡ. ಎಡಗಡೆ ಒಂದು ಕಡ್ಡಿ ತೂರುವಷ್ಟು ಸಂದು. ಬಣ್ಣ ಹಿಂಗೆ ಸುಣ್ಣ ಬಳಿದಂಗಲ್ಲ, ಕೆನೆ ಬಣ್ಣ.

ಡಾಕ್ಟ್ರಮ್ಮ ನನ್ನನ್ನೇ ನೋಡಿದಳು. "ಅಜ್ಜಿ, ಎಲ್ಲಾರೂ ಸೊಟ್ಟ ಹಲ್ಲು ನೆಟ್ಟಗೆ ಮಾಡಿಸೋಕೆ ಬರ್ತಾರೆ."

"ನಾವು ಇದಕ್ಕೆ ಬಂದಿದೀವಿ. ಮಾಡು."

ಇಷ್ಟು ಕರಾರುವಾಕ್ಕಾಗಿ ನಿಮಗೆ ಹೆಂಗೆ ಗೊತ್ತು ಅಂತ ಅವಳು ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಕುರ್ಚಿಯಿಂದ ಸೊಸೆ ಉತ್ತರ ಕೊಟ್ಟಳು.

"ಹೆಣ್ಣು ನೋಡಾಕೆ ಬಂದ ದಿನ ಅತ್ತೆ ನಡುಮನೇಲಿ ಕೂತ್ಕೊಂಡು ಇದ್ನೆಲ್ಲ ಹೇಳಿದ್ರು ಮೇಡಂ. ಹುಡುಗಿ ಪರವಾಗಿಲ್ಲ, ಹಲ್ಲು ಸೊಟ್ಟ ಅಂತ. ಒಳಗೆ ನಂಗೆ ಕೇಳಿಸ್ತಿತ್ತು."

"ಕೇಳಿಸ್ಲಿ ಅಂತ್ಲೇ ಅಂದಿದ್ದು ಕಣೇ," ಅಂದೆ. ಇದ್ದದ್ದನ್ನು ಹೇಳುವುದಕ್ಕೆ ನನಗ್ಯಾವ ಅಂಜಿಕೆ? ಬಂದ ದಿನದಿಂದ ಊಟಕ್ಕೆ ಎದುರು ಕೂತಾಗಲೆಲ್ಲ ಆ ಹಲ್ಲು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಮರೆಯುವುದಾದರೂ ಹೆಂಗೆ?

ಡಾಕ್ಟ್ರಮ್ಮ ಆ ಗೊಂಬೆಯ ಮೇಲೆ ಮೇಣ ಮೆತ್ತಿದಳು. ಇನ್ನೂ ಸ್ವಲ್ಪ ಏರಲಿ ಅಂದೆ, ಏರಿಸಿದಳು. ಜಾಸ್ತಿಯಾಯಿತು ಅಂದೆ, ಕೆರೆದಳು. ಮುಂದಿನ ವಾರ ಅದೇ ಆಕಾರದಲ್ಲಿ ಸದ್ಯಕ್ಕೆ ಅಂತ ಹಲ್ಲು ಮಾಡಿ ಬಾಯಿಗೆ ಕೂರಿಸಿದಳು. ಸೊಸೆ ಕನ್ನಡಿ ಈಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿಕೊಂಡು ನಾಲಿಗೆಯ ತುದಿಯಲ್ಲಿ ಹಿಂದಿನಿಂದ ತಡವಿದಳು. ಏರಿದ ಹಲ್ಲು ದಾಟಿ ನಾಲಿಗೆ ಆ ಸಂದಿಗೆ ಬಂದು ನಿಂತಿತು. "ಹೂಂ, ಇಲ್ಲೇ ಕಣತ್ತೆ," ಅಂದಳು.

ಡಾಕ್ಟ್ರಮ್ಮ ಕಳಿಸಿದ ಗೊಂಬೆಯನ್ನು ಹಲ್ಲು ಮಾಡುವ ಬೆಂಗಳೂರಿನವರು ನೋಡಿ, ಅಚ್ಚು ತಪ್ಪಿರಬೇಕು ಅಂತ ವಾಪಸ್ಸು ಕಳಿಸಿದರು. ಅದಕ್ಕೂ ಒಂದಷ್ಟು ದಿನ ಹಾಳಾಯಿತು. ಡಾಕ್ಟ್ರಮ್ಮ ಫೋನು ಮಾಡಿ, ಸೊಟ್ಟವೇ ಬೇಕು ಅಂತ ಬೈದು ಮಾಡಿಸಿದಳು.

ಅಂಟಿಸಿಕೊಂಡು ಬಂದ ಮೇಲೂ ಸೊಸೆ ಮೂರು ನಾಲ್ಕು ದಿನ ಗಲ್ಲಾದ ಹತ್ತಿರ ಬಂದು ಬಂದು ಹೋದಳು. ಒಂದು ಬೆಳಗ್ಗೆ ನಾನೇ ಎದ್ದು ತರಕಾರಿ ಹತ್ತಿರ ಹೋಗಿ ಕೂತೆ, ಅವಳು ವಿಧಿಯಿಲ್ಲದೆ ಗಲ್ಲಾದಲ್ಲಿ ಕೂತಳು. ಅವತ್ತು ಆ ಹಾಸನದ ಡ್ರೈವರು ಎದುರುಗಡೆ ಬಸ್ಸು ನಿಲ್ಲಿಸಿದ್ದವನು, ಇವಳನ್ನು ಕಂಡು ರಸ್ತೆ ದಾಟಿ ಬಂದ. ಇವಳ ಬಾಯನ್ನೇ ನೋಡಿದ.

"ಏನಕ್ಕಾ, ಹೊಸಾ ಹಲ್ಲು ಕಟ್ಟಿಸ್ಕೊಂಡ್ರು ಅಂದ್ರು. ಹಳೇವೇ ಅವಲ್ಲ? ಚೆನ್ನಾಗಿ ಟೋಪಿ ಹಾಕವ್ರೆ ನಿಮ್ಗೆ."

"ಟೋಪಿನೇ ಕಣಣ್ಣ, ಹಲ್ಲಿಗೆ ಹಾಕವ್ರೆ," ಅಂದಳು ಸೊಸೆ. "ನಿನ್ನ ಚಟ್ನಿ ದೂರ ಮಡಿಕೋ."

ಅಂದು ನಕ್ಕಳು. ಕೈ ಮೇಲಕ್ಕೇಳಲಿಲ್ಲ. ಚಿಲ್ಲರೆ ಅದುರಿತು.

ನಾನು ಈರುಳ್ಳಿ ಹೆಚ್ಚುತ್ತಾ ಅಲ್ಲಿಂದಲೇ ನೋಡಿದೆ. ಆ ಹಲ್ಲು ಸೊಟ್ಟವೇ. ಹೆಣ್ಣು ನೋಡಲು ಹೋದ ದಿನ ಅಂದದ್ದನ್ನೇ ಈಗಲೂ ಅನ್ನುತ್ತೇನೆ. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂದು ನಮ್ಮ ಮುಂದೆ ನಿಂತಿತು, ಚಟ್ನಿ ಸಾಲಲ್ಲ ಅಂತ ಮಗ ಒಳಗಿನಿಂದ ಕೂಗಿದ. ಕಾಯಿ ತುರಿಯಲು ಎದ್ದೆ.