ಮಣಿಕಟ್ಟಿನ ಮೂರು ಗೆರೆ

ತ್ರಿಪ್ಲಿಕೇನಿನ ಓಣಿಗೆ ಇನ್ನೂ ಬೆಳಕು ಹರಿದಿಲ್ಲ. ಕೈಪಂಪಿನ ಮುಂದೆ ಕೊಡಗಳು ಮಾತ್ರ ಸಾಲಾಗಿ ಎದ್ದು ಕೂತಿವೆ. ಜಗದೇವಿಯ ಸರದಿ ಬಂದು, ಹಿತ್ತಾಳೆ ಕೊಡ ಅರ್ಧ ತುಂಬಿದೆ. ಅಷ್ಟರಲ್ಲಿ ಓಣಿಯ ಬಾಯಲ್ಲಿ ಜೀಪೊಂದು ನಿಂತು, ಟೀವಿ ಸ್ಟೇಷನ್ನಿನ ಡ್ರೈವರ್ ಕಿಟ್ಟು ಚಪ್ಪಲಿ ಬಡಿಯುತ್ತ ಓಡಿ ಬರುತ್ತಾನೆ. ನಡುವಯಸ್ಸಿನ ಮನುಷ್ಯ, ಜಗದೇವಿಯ ಪಾತ್ರೆ ಪಗಡಗಳನ್ನು ಹೊತ್ತು ಹೊತ್ತು ಅರೆಬರೆ ಕನ್ನಡ ಕಲಿತಿದ್ದಾನೆ.

"ಅಕ್ಕಾ, ಪ್ರೈಸ್ ವಂದಾಚ್ಚು! ನಮ್ಮ ರೊಟ್ಟಿಗೆ ಪ್ರೈಸ್! ಬೇಗ ವಾಂಗೊ, ನಾಗಮಣಿ ಅಮ್ಮಾ ಕರೀತಾರೆ."

"ನೀರ ತುಂಬಲಿ, ತಡಿಯೋ ತಮ್ಮಾ. ಪ್ರೈಜ್ ಎಲ್ಲಿಗೂ ಹೋಗೂದಿಲ್ಲ. ನೀರ ಹೋಗ್ತದ."

ಸಾಲಿನಲ್ಲಿ ಹಿಂದೆ ನಿಂತ ಲಕ್ಷ್ಮೀ ಬಿಡುತ್ತಾಳೆಯೇ? "ಪಾರುಂಗ, ನೋಡಿ ನೋಡಿ, ಸಿನಿಮಾ ಸ್ಟಾರಿಗೆ ಜೀಪೇ ಬಂದಾಚ್ಚು. ನನ್ನ ಕೊಡಾನೂ ಅದರಲ್ಲೇ ಏರಿಸಮ್ಮಾ!" ಎಂದು ನಗಿಸುತ್ತಾಳೆ. ಜಗದೇವಿ ಕೊಡ ತುಂಬಿಸಿಕೊಂಡೇ ಪಂಪು ಬಿಡುತ್ತಾಳೆ.

ಬೊಂಬಾಯಿಯಲ್ಲಿ ನಡೆದ ಒಂದು ಚಿತ್ರೋತ್ಸವದಲ್ಲಿ ಈ ಸಲ ಹೊಸದಾಗಿ, ಮನೆ ಬದುಕಿನ ಟೀವಿ ಕಾರ್ಯಕ್ರಮಗಳಿಗೂ ಒಂದು ಪ್ರಶಸ್ತಿ ಇಟ್ಟಿದ್ದಾರೆ. ಅಡಿಗೆ, ಉಡುಗೆ, ಮನೆ ಒಪ್ಪ ಮಾಡುವುದು, ಇಂಥವಕ್ಕೆ. ಮದರಾಸಿನ ಟೀವಿಯಲ್ಲಿ ನೆರೆ ರಾಜ್ಯಗಳ ಅಡಿಗೆ ತೋರಿಸುವ ಕಾರ್ಯಕ್ರಮ ಅದನ್ನು ಗೆದ್ದಿದೆ. ಗೆಲ್ಲಿಸಿದ್ದು ಜೋಳದ ರೊಟ್ಟಿಯ ಕಂತು. ಅದನ್ನು ನಡೆಸಿಕೊಡುವ ನಾಗಮಣಿಯವರ ಮುಖ ಊರಿಗೆಲ್ಲ ಗೊತ್ತು. ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆನಿಂತ ಕನ್ನಡ ಮನೆತನದವರು, ಮಾತು ಕೇಳಿದರೆ ಹಸಿವಾಗಬೇಕು, ಹಾಗೆ ಮಾತಾಡುತ್ತಾರೆ. ಆದರೆ ಕ್ಯಾಮೆರಾ ಹತ್ತಿರ ಬಂದು ಹಿಟ್ಟು ನಾದುವ, ರೊಟ್ಟಿ ಬಡಿಯುವ ಕೈ ತೋರಿಸುತ್ತದಲ್ಲ, ಆ ಕೈ ಅವರದಲ್ಲ. ಅದು ಜಗದೇವಿಯದು.

ಸಿಂಧನೂರು ಕಡೆಯ ಹೆಣ್ಣುಮಗಳು ಈಕೆ. ಪ್ಯಾರೀಸ್ ಕಾರ್ನರಿನ ಕಾಳಿನ ಮಂಡಿಯಲ್ಲಿ ತೂಕ ನೋಡಿಕೊಳ್ಳುವ ಕೊಟ್ರಪ್ಪನನ್ನು ಮದುವೆಯಾಗಿ ಬಂದವಳು. ಬಂದ ಹೊಸದರಲ್ಲಿ ಒಂದು ತಿಂಗಳು ಅನ್ನ ಉಂಡು ಅತ್ತಳಂತೆ. "ಹೊಟ್ಟಿ ತುಂಬತಿತ್ತರಿ, ಉಂಡಂಗ ಆಗತಿರಲಿಲ್ಲ," ಎನ್ನುತ್ತಾಳೆ. ಗಂಡ ಮಂಡಿಯಿಂದ ಬಿಳಿಜೋಳ ತಂದುಕೊಟ್ಟ. ರೊಟ್ಟಿಯ ಸಪ್ಪಳ ಓಣಿ ದಾಟಿ ಹೋಯಿತು. ಸುತ್ತಲಿನ ಲಾಡ್ಜುಗಳಲ್ಲಿ ಇಳಿದುಕೊಳ್ಳುವ ನಮ್ಮ ಕಡೆಯ ವ್ಯಾಪಾರಸ್ಥರು ಆ ಸಪ್ಪಳ ಹಿಡಿದೇ ಬಾಗಿಲಿಗೆ ಬಂದರು. ಅಂದಿನಿಂದ ಬೆಳಿಗ್ಗೆ ಐವತ್ತು ಅರುವತ್ತು ರೊಟ್ಟಿ ಬಡಿಯುವುದು ಈಕೆಯ ನಿತ್ಯದ ಕೆಲಸ. ಹಾಗೆ ತಿಂದ ಯಾರೋ ಒಬ್ಬರು ನಾಗಮಣಿಯವರ ಕಿವಿಗೆ ಹಾಕಿದ್ದರಿಂದ ಟೀವಿ ಸ್ಟೇಷನ್ನಿನ ದಾರಿ ತೆರೆಯಿತು.

ಟೀವಿಯ ಅಡಿಗೆ ಮನೆಯ ಅಡಿಗೆಯಂತಲ್ಲ. ಒಂದೇ ಪದಾರ್ಥವನ್ನು ಹಸಿಯದು, ಅರೆಬೆಂದದ್ದು, ಆದದ್ದು ಎಂದು ಬೇರೆ ಬೇರೆ ಪಾತ್ರೆಯಲ್ಲಿ ಮೊದಲೇ ಸಿದ್ಧ ಮಾಡಿ ಇಡಬೇಕು. ನೋಡುವವರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬದನೆಕಾಯಿ ಬೆಂದು ಎಣ್ಣೆ ಬಿಡುತ್ತದೆ. ಅದರ ಹಿಂದೆ ಜಗದೇವಿಯ ಒಂದು ಇಡೀ ಮುಂಜಾವು ಇರುತ್ತದೆ. ದೀಪಗಳ ಕಾವಿಗೆ ಜೋಳದ ಹಿಟ್ಟು ಬಿರಿಯುತ್ತದೆ. ಅದಕ್ಕೆ ಒದ್ದೆ ಬಟ್ಟೆ ಮುಚ್ಚಿಕೊಂಡು, ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮೇಜಿನ ಕೆಳಗೆ ಕೂತಿರುತ್ತಾಳೆ. "ಕೂಸಿನ ತೊಟ್ಟಲಾ ಕಾಯ್ದಂಗ ಕಾಯ್ತೀನ್ರಿ," ಎಂದು ನಗುತ್ತಾಳೆ. ಕೈ ತೋರಿಸುವ ಹೊತ್ತು ಬಂದಾಗ ನಾಗಮಣಿಯವರ ಬಳೆ, ಉಂಗುರ ಈಕೆಯ ಕೈಗೆ ಬರುತ್ತವೆ. ಕೆಲಸ ಮುಗಿದ ಮೇಲೆ ಹಿಟ್ಟು ತೊಳೆದು, ಸೆರಗಿನಲ್ಲಿ ಒರೆಸಿ ತಿರುಗಿ ಕೊಡುತ್ತಾಳೆ.

ಬಳೆ ಹಾಕುವ ಮೊದಲು ಮಾಡಬೇಕಾದ್ದು ಇನ್ನೊಂದಿದೆ. ಲಿಂಗಪೂಜೆಯಾಗದೆ ಜಗದೇವಿ ಒಲೆ ಮುಟ್ಟುವವಳಲ್ಲ. ಪೂಜೆಯಾದ ಮೇಲೆ ಹಣೆಗೆ ಹಚ್ಚಿದ ವಿಭೂತಿಯನ್ನು ಎರಡೂ ಮಣಿಕಟ್ಟಿಗೂ ಮೂರು ಬೆರಳಲ್ಲಿ ಎಳೆದುಕೊಳ್ಳುವುದು ತವರಿನಿಂದ ಬಂದ ರೂಢಿ. ನಾಗಮಣಿಯವರ ಮನೆಯಲ್ಲಿ ಗೋಪೀಚಂದನ. ಅವರ ಕೈಯಾಗಿ ಕಾಣಬೇಕಾದ ಕೈಯ ಮೇಲೆ ವಿಭೂತಿ ಇರುವಂತಿಲ್ಲ. ಹಾಗಾಗಿ ಸ್ಟುಡಿಯೋಕ್ಕೆ ಬಂದೊಡನೆ ಮಣಿಕಟ್ಟು ಒರೆಸಿಕೊಳ್ಳುತ್ತಾಳೆ. ಹಣೆಯದು ಹಾಗೇ ಇರುತ್ತದೆ, ಮುಖ ಹೇಗೂ ಕಾಣುವುದಿಲ್ಲವಲ್ಲ.

ರೊಟ್ಟಿಯ ಕಂತಿನ ದಿನ ಕರೆಂಟು ಹೋಗಿ ಬಂದು ಕಣ್ಣಾಮುಚ್ಚಾಲೆ ಆಡುತ್ತಿತ್ತು. ದೀಪ ಹೊತ್ತಿದ್ದೇ ತಡ, ನಿರ್ದೇಶಕ ವಿಶ್ವನಾಥ್ "ಕೈ ಬರಲಿ, ಕೈ ಬರಲಿ" ಎಂದು ಕೂಗಿದರು. ಆ ಗಡಿಬಿಡಿಯಲ್ಲಿ ಬಳೆ ಏರಿತು, ಮಣಿಕಟ್ಟು ಒರೆಸುವುದು ಮರೆತುಹೋಯಿತು. ಬಡಿದಂತೆಲ್ಲ ರೊಟ್ಟಿ ಗಿರ್ರನೆ ತಿರುಗಿತು, ಹುಣ್ಣಿಮೆಯ ಚಂದ್ರನಂತೆ ಅಗಲವಾಯಿತು. ಪಕ್ಕದಲ್ಲೇ ಮೂರು ಬಿಳಿ ಗೆರೆ. ನೋಡಿದವರು ಹಿಟ್ಟು ಮೆತ್ತಿದೆ ಅಂದುಕೊಂಡರು. ಬೊಂಬಾಯಿಯ ತೀರ್ಪುಗಾರರಿಗಂತೂ ಅದೇ ಹಿಡಿಸಿತು. 'ಹಿಟ್ಟಿನ ಗೆರೆ ಬಿದ್ದ ಆ ಮಣಿಕಟ್ಟಿನಲ್ಲಿ ಒಂದು ನಾಡಿನ ಅಡಿಗೆಮನೆಯೇ ಕಂಡಿತು' ಎಂದು ಮೆಚ್ಚಿ ಬರೆದಿದ್ದಾರೆ.

ಆ ಕಂತು ಬಂದ ಸಂಜೆ ಮನೆಯೊಡತಿ ರತ್ನಾವತಿಯವರ ನಡುಮನೆಯಲ್ಲಿ ಓಣಿಯೆಲ್ಲ ನೆರೆದಿತ್ತು. ಜಗದೇವಿಯ ಹತ್ತು ವರ್ಷದ ಮಗಳು ವಾಸಂತಿ ಟೀವಿಯ ಮುಂದೆಯೇ ಕೂತಿದ್ದಳು. ಗೆರೆಗಳನ್ನು ಕಂಡು ತಿರುಗಿ ನೋಡಿದಳು. ತಾಯಿಯ ಮುಖವನ್ನಲ್ಲ, ಕೈಯನ್ನು. ಏನೋ ಕೇಳಲು ಬಾಯಿ ತೆರೆದಳು, ಮುಚ್ಚಿಕೊಂಡಳು.

"ಏನವ್ವಾ?"

"ಒಣ್ಣುಮಿಲ್ಲೆಮ್ಮಾ."

ಏನಿಲ್ಲ ಅನ್ನುವ ಆ ತಮಿಳಿನ ಮಾತು ಅಂದಿನಿಂದಲೂ ಹಾಗೇ ನಡೆದಿದೆ. ವಾಸಂತಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ಶಾಲೆಯಲ್ಲಿ ಹುಡುಗಿಯರು ಅವಳ ಹಣೆ ನೋಡಿ 'ಪಟ್ಟೆ, ಪಟ್ಟೆ' ಎಂದು ಕಾಡುತ್ತಾರೆ. ಅದಕ್ಕೇ ಬೆಳಿಗ್ಗೆ ತಾಯಿ ಹಚ್ಚಿದ ವಿಭೂತಿಯನ್ನು ಓಣಿ ತಿರುಗುವಲ್ಲಿ ನಿಂತು ಕರ್ಚೀಫಿನಿಂದ ಒರೆಸಿಕೊಂಡು ಹೋಗುತ್ತಾಳೆ. ಕರ್ಚೀಫು ಒಗೆಯುವವಳಿಗೆ ಗೊತ್ತಾಗದೇ? ಆದರೂ ಜಗದೇವಿ ಮರುದಿನ ಮತ್ತೆ ಹಚ್ಚುತ್ತಾಳೆ, ಅಷ್ಟೆ.

"ಟೀವಿಯೊಳಗ ಹೆಸರ ಹಾಕಲಿಲ್ಲಂತ ನನಗ ಸಂಕಟ ಇಲ್ರಿ," ಎನ್ನುತ್ತಾಳೆ. "ಹೆಸರ ಹಾಕಿದ್ರ ರೊಟ್ಟಿ ಇನ್ನೇನ ಉಬ್ಬತಿತ್ತೇನು? ಖರೇ ಅಂದ್ರ, ಆ ಕೈ ನಿಂದೇನು ಅಂತ ಮಗಳು ಒಮ್ಮೆ ಬಾಯಿಬಿಟ್ಟು ಕೇಳಬೇಕು. ನಾನಾಗಿ ಹೇಳಿದ್ರ ಜಂಬ ಆಗ್ತದ. ಆಕಿ ಕೇಳಿದ್ರ ಹೌದು ಅಂತೀನಿ. ಆಕಿ ಕೇಳವಲ್ಲಳು. ಕೇಳಲಿಕ್ಕೂ ನಾಚಿಕಿ ಏನೋ ನನ್ನ ಕೂಸಿಗೆ."

ಇವತ್ತು ಶಾಲೆಗೆ ರಜೆ. ಮನೆಯಲ್ಲಿ ಬಿಟ್ಟುಬರಲಾಗದೆ ಮಗಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದಾಳೆ. ಸ್ಟುಡಿಯೋದಲ್ಲಿ ಹಬ್ಬದ ಕಳೆ. ಮೇಜಿನ ಮೇಲೆ ಪ್ರಶಸ್ತಿಯ ಹಿತ್ತಾಳೆ ಫಲಕ ಹೊಳೆಯುತ್ತಿದೆ. ಅದನ್ನು ತಂದ ಬೊಂಬಾಯಿಯ ಹಿರಿಯರು ಮುಂದಿನ ಕುರ್ಚಿಯಲ್ಲಿದ್ದಾರೆ. ನಾಗಮಣಿಯವರು ಜಗದೇವಿಯ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ಅಯ್ಯೋ ಬಾಮ್ಮಾ, ನೀನು ಇಲ್ಲದೆ ಇದು ಬರುತ್ತಿತ್ತಾ? ನನಗೆ ಬರೀ ವಾಯಿ, ಬಾಯಿಮಾತು ಅಷ್ಟೇ!" ಆ ಪ್ರೀತಿಯಲ್ಲಿ ನಾಟಕವಿಲ್ಲ. ಹಾಗೆಂದು ಕ್ಯಾಮೆರಾದ ಮುಂದೆ ಅದನ್ನು ಹೇಳುವ ಪದ್ಧತಿಯೂ ಇಲ್ಲ.

ಜಗದೇವಿ ಇವತ್ತು ಮರೆಯದೆ ಮಣಿಕಟ್ಟು ಒರೆಸಿಕೊಳ್ಳುತ್ತಾಳೆ. ಬಳೆಗಾಗಿ ಕೈ ಚಾಚುತ್ತಾಳೆ.

"ಇವತ್ತು ಬೇಡಮ್ಮಾ," ಎನ್ನುತ್ತಾರೆ ವಿಶ್ವನಾಥ್. "ಇವತ್ತು ಮುಖ, ಕೈ, ಪ್ರಶಸ್ತಿ ಮೂರೂ ಒಟ್ಟಿಗೆ ಕಾಣಬೇಕು. ಮೇಡಮ್ಮೇ ಬಡಿಯುತ್ತಾರೆ. ಆ ಹಿಟ್ಟಿನ ಗೆರೆ ಮಾತ್ರ ಅವತ್ತಿನ ಹಾಗೇ ಇರಲಿ."

ನಾಗಮಣಿಯವರು ಬೆರಳಿಗೆ ಜೋಳದ ಹಿಟ್ಟು ಹಚ್ಚಿ ಮಣಿಕಟ್ಟಿನ ಮೇಲೆ ಎಳೆದುಕೊಳ್ಳುತ್ತಾರೆ. ಕೈ ಎತ್ತಿದರೆ ಉದುರುತ್ತದೆ. ನೀರಲ್ಲಿ ಕಲಸಿ ಬಳಿದರೆ ದೀಪದ ಕಾವಿಗೆ ಒಣಗಿ ಸಿಪ್ಪೆಯೇಳುತ್ತದೆ. ಅತ್ತ ಹಲಗೆಯ ಮೇಲಿನ ರೊಟ್ಟಿ ಅಂಚು ಹರಿದು ಯಾವುದೋ ದೇಶದ ನಕಾಶೆಯಾಗಿದೆ. "ಐಯೋ, ಇದು ರೊಟ್ಟಿಯಾ, ಆಸ್ಟ್ರೇಲಿಯಾನಾ?" ಎಂದು ಅವರೇ ನಗುತ್ತಾರೆ. ಎಲ್ಲರೂ ನಗುತ್ತಾರೆ. ಬೊಂಬಾಯಿಯ ಹಿರಿಯರು ಮಾತ್ರ ಕುತೂಹಲದಿಂದ ಮುಂದೆ ಬಾಗಿ ಇಂಗ್ಲಿಷಿನಲ್ಲಿ ಏನೋ ಕೇಳುತ್ತಾರೆ.

ನಾಗಮಣಿಯವರು ಮೆಲ್ಲಗೆ ಜಗದೇವಿಯ ಕಡೆ ತಿರುಗುತ್ತಾರೆ. "ಅವತ್ತು ಹಿಟ್ಟು ಹೇಗೆ ನಿಂತಿತು ಅಂತ ಕೇಳುತ್ತಾರಮ್ಮಾ."

ಜಗದೇವಿ ಒರೆಸಿದ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಹಿಟ್ಟೆಂದರೆ ಸುಳ್ಳು, ವಿಭೂತಿಯೆಂದರೆ ನಾಗಮಣಿಯವರು ತುಂಬಿದ ಸಭೆಯಲ್ಲಿ ಸಣ್ಣವರಾಗುತ್ತಾರೆ. ಉಣ್ಣಲು ಕರೆದವರ ಮನೆಯ ಮಾನ ಕಳೆಯಬಾರದು ಎಂದು ಅವಳ ಅವ್ವ ಹೇಳುತ್ತಿದ್ದಳು. ಹಲಗೆಯ ಮೇಲಿನ ಹರಿದ ರೊಟ್ಟಿಯನ್ನು ಅವಳ ಇನ್ನೊಂದು ಕೈ ತನ್ನಷ್ಟಕ್ಕೆ ಒಟ್ಟುಗೂಡಿಸಿ ಮತ್ತೆ ಉಂಡೆ ಮಾಡುತ್ತಿದೆ.

ಗೋಡೆಯ ಬದಿ ವೈರಿನ ಸುರುಳಿಯ ಮೇಲೆ ಕೂತಿದ್ದ ವಾಸಂತಿ ಎದ್ದು ನಿಲ್ಲುತ್ತಾಳೆ. ದೀಪಗಳ ಬೆಳಕಿಗೆ ಬರುತ್ತಾಳೆ. ಇವತ್ತು ಕರ್ಚೀಫು ತಂದಿಲ್ಲವೋ, ಜೀಪಿನ ಅವಸರದಲ್ಲಿ ಮರೆತಳೋ, ಬೆಳಿಗ್ಗೆ ತಾಯಿ ಎಳೆದ ಮೂರು ಗೆರೆ ಅವಳ ಹಣೆಯ ಮೇಲೆ ಹಾಗೇ ಇವೆ. ತಾಯಿಯ ಸೆರಗು ಸರಿಸಿ ಕೈಯನ್ನು ಹೊರಗೆ ತೆಗೆಯುತ್ತಾಳೆ, ಮಣಿಕಟ್ಟನ್ನು ಮೇಲಕ್ಕೆತ್ತಿ ಹಿಡಿಯುತ್ತಾಳೆ. ಮಾತು ಬರುತ್ತದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಕನ್ನಡದಲ್ಲಿ.

"ಹಿಟ್ಟು ಎಲ್ಲ್ಯಾರ ಮೂರು ಗೆರೆಯಾಗಿ ಕೂಡ್ತದೇನವ್ವಾ? ಟೀವಿಯೊಳಗ ಇದ್ದದ್ದು ನಿನ್ನ ಕೈ ಅಲ್ಲೇನು?"