ಖಾಲಿ ಆವಾಜ್

ನನ್ನ ಲ್ಯಾಪ್‌ಟಾಪಿನ ಡಿಸ್ಕನ್ನು ಎರಡು ಪಾಲು ಮಾಡಿದವಳು ಆಪಾ. ಆಳಂದದ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದವಳು, ನನಗಿಂತ ತುಸು ದೊಡ್ಡವಳು, ಅದಕ್ಕೇ ಆಪಾ, ಅಕ್ಕ. ರಿಟೈರ್ ಆದ ಮೇಲೆ ನಾವಿಬ್ಬರೂ ನಿಂಬರ್ಗಾ, ಖಜೂರಿ ಕಡೆ ತಿರುಗಿ, ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಹಾಡು ಕೂಡಿಸಿದೆವು. ಫೋಟೊ ನನ್ನ ಪಾಲಿಗೆ, ರೆಕಾರ್ಡರ್ ಅವಳ ಪಾಲಿಗೆ. ಅವಳು ಮಾತಿಗೆ ನಿಂತರೆ ಎಂಥ ನಾಚಿಕೆಯವರೂ ನಕ್ಕು ಹಾಡಿಬಿಡುತ್ತಿದ್ದರು; ಅವಳ ಆ ಮಾತೂ ಹಾಡಿನ ಜೊತೆ ರೆಕಾರ್ಡ್ ಆಗುತ್ತಿತ್ತು.

“ಏನ್ ಮಾಡಾಕತ್ತಿ ಆಪಾ? ಕೆಡಿಸ್ತಿ ನೋಡು!”

“ಸುಮ್ನ ಕುಂದ್ರು ಬೇ, ಕಾನ್ವೆಂಟ್ ಮೇಡಂ. ವಾಟ್ನಿ ಮಾಡಾಕತ್ತೇನಿ. ಸಿ ನಿಂದು, ಡಿ ನಂದು. ನಿನ್ನ ಫೋಟೊ ನನ್ನ ಹೊಲಕ್ಕ ಬರಬಾರ್ದು.”

ಡಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಖಾಲಿ ಆವಾಜ್’ ಎಂದು ಹೆಸರಿಟ್ಟಳು. ಬರೀ ಧ್ವನಿ, ಅಷ್ಟೇ ಎಂಬ ಅರ್ಥ. ನಮ್ಮ ಕಡೆ ‘ಖಾಲಿ’ ಎಂದರೆ ಬರಿದು ಎಂದೂ ಹೌದು, ಬರೀ ಇಷ್ಟೇ ಎಂದೂ ಹೌದು. ಖಾಲಿ ಚಾ ಕುಡದ್ ಹೋಗ್ರಿ ಎಂದು ನಾನೇ ಎಷ್ಟು ಜನರಿಗೆ ಹೇಳಿಲ್ಲ!

ಆಮೇಲೆ ಆಪಾ ಜೇವರ್ಗಿಗೆ, ಮಗಳ ಮನೆಗೆ ಹೋದಳು. ತಿರುಗಾಟ ನಿಂತಿತು, ಡಿ ತೆರೆಯುವುದೂ ನಿಂತಿತು, ಅದರಲ್ಲಿ ಏನಿದೆ ಎಂಬುದೂ ಮರೆತುಹೋಯಿತು. ಹೋದ ಮಳೆಗಾಲದಲ್ಲಿ ಸಿ ತುಂಬಿ, ಅದರ ಗೆರೆ ಕೆಂಪಾಗಿ, ಅಪ್‌ಡೇಟ್ ಆಗದೆ ನಿಂತುಬಿಟ್ಟಿತು. ಸಿಯನ್ನು ದೊಡ್ಡದು ಮಾಡಬೇಕೆಂದರೆ ಅದರ ಪಕ್ಕದ ಪಾರ್ಟಿಷನ್, ಅಂದರೆ ಡಿ, ತೆಗೆಯಬೇಕು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹೆಸರಿನ ಕಾಲಮ್ಮು ಇಕ್ಕಟ್ಟು, ನನಗೆ ಕಂಡದ್ದು ‘ಖಾಲಿ’ ಎಂಬುದಷ್ಟೇ. ಎಂಪ್ಟಿ, ಥ್ಯಾಂಕ್ ಗಾಡ್ ಎಂದುಕೊಂಡೆ. ದಿನಾ ಆಡುವ ಮಾತು ಇಂಗ್ಲಿಷ್ ಅಕ್ಷರ ಉಟ್ಟು ಬಂದರೆ ನನ್ನ ತಲೆ ನಾನು ಓದಿದ ಕಾನ್ವೆಂಟಿಗೆ ಹೋಗಿ ಕೂರುತ್ತದೆ. ಡೇಟಾ ಎಲ್ಲ ಅಳಿಯುತ್ತದೆ ಎಂದು ವಾರ್ನಿಂಗ್ ಬಂತು. ಒಂದು ಸಲ ತೆರೆದು ನೋಡಬಹುದಿತ್ತು. ಯೆಸ್ ಒತ್ತಿದೆ. ಸಿ ಅಗಲವಾಯಿತು, ಅಪ್‌ಡೇಟ್ ಬಂದು ಆ ಜಾಗದಲ್ಲಿ ಕೂತಿತು.

ಚಳಿಗಾಲದಲ್ಲಿ ಆಪಾಳ ಗಂಟಲಿಗೆ ಆಪರೇಷನ್ ಆಯಿತು. ಮಗಳು ಫೋನ್ ಮಾಡಿದಳು.

“ಅಮ್ಮಿಗಿ ಇನ್ನ ಮಾತ್ ಬರಂಗಿಲ್ಲಂತ್ರಿ ಆಂಟಿ. ನಿಮ್ ಹತ್ರ ಅವರ ರೆಕಾರ್ಡಿಂಗ್ ಅದಾವಲ್ರಿ, ಕಳಸ್ರಿ. ಅಮ್ಮಿ ಆವಾಜ್ ಕೇಳಬೇಕ್ರಿ.”

ಆಗ ಹುಡುಕಿದೆ. ಕಲಬುರ್ಗಿಯ ರಿಪೇರಿ ಅಂಗಡಿಯವರೆಗೂ ಹೋದೆ. “ಅದರ ಮ್ಯಾಲ ಬ್ಯಾರೆ ಬಂದು ಕುಂತದ್ರಿ ಮೇಡಂ, ಇನ್ನ ಸಿಗಂಗಿಲ್ಲ” ಎಂದರು.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಜೇವರ್ಗಿಗೇ ಹೋದೆ. ಲ್ಯಾಪ್‌ಟಾಪೂ ಜೊತೆಗಿತ್ತು. ಸಿಯಲ್ಲಿ ನನ್ನ ಫೋಟೊಗಳೆಲ್ಲ ಸುರಕ್ಷಿತ. ಯಾವುದನ್ನು ತೆರೆದರೂ ಆಪಾ ಬಾಯಿ ತೆರೆದು ಯಾರಿಗೋ ಏನೋ ಹೇಳುತ್ತಿದ್ದಾಳೆ. ಆದದ್ದನ್ನು ಹೇಳಿದೆ. ಆಪಾ ನನ್ನನ್ನೇ ನೋಡಿದಳು. ಆಮೇಲೆ ಭುಜ ಅಲುಗುವಂತೆ, ಸದ್ದಿಲ್ಲದೆ ನಕ್ಕು, ಮೊಬೈಲಿನಲ್ಲಿ ಅಕ್ಷರ ಒತ್ತಿ ನನ್ನ ಮುಂದೆ ಹಿಡಿದಳು.

“ಏನಂತಾರ್ರಿ ಅಮ್ಮಿ?” ಎಂದಳು ಮಗಳು.

ಗಟ್ಟಿಯಾಗಿ ಓದಿದೆ: “ಖಾಲಿ ಆವಾಜ್ ಹೋಗ್ಯಾದ ಬೇ. ನಾ ಇಲ್ಲೇ ಅದೀನಿ.”

ಮಗಳು ಮುಖ ಆಚೆ ತಿರುಗಿಸಿದಳು. ಅವಳು ಕೇಳಬೇಕೆಂದಿದ್ದ ಧ್ವನಿ ನನ್ನದಾಗಿರಲಿಲ್ಲ.